ಇ. ಕೋಲಿಗೆ ಏಳು, ಕ್ಷಯದ ಬ್ಯಾಕ್ಟೀರಿಯಕ್ಕೆ ಒಂದೇ

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಹೈಯರ್ ಸೆಕೆಂಡರಿಗೆ ಬರುವ ನಮ್ಮ ಕಾಸರಗೋಡಿನ ಮಕ್ಕಳಿಗೆ ಜೀವಶಾಸ್ತ್ರ ಹೇಳುವಾಗ ನಾನು ತಪ್ಪದೆ ಎತ್ತುವ ಪ್ರಶ್ನೆಯೊಂದಿದೆ. ಬಹುತೇಕ ಜೀನ್‌ಗಳನ್ನು ಒಂದೊಂದೇ ಪ್ರತಿಯಲ್ಲಿ ಇಟ್ಟುಕೊಂಡಿರುವ ಇ. ಕೋಲಿ ಬ್ಯಾಕ್ಟೀರಿಯವು ಪ್ರೋಟೀನು ಕಟ್ಟುವ ಯಂತ್ರವಾದ ರೈಬೋಸೋಮಿನ ಆರ್‌ಎನ್‌ಎಗೆ ಮಾತ್ರ 7 ಓಪೆರಾನ್‌ಗಳನ್ನು (ಒಟ್ಟಾಗಿ ನಕಲಾಗುವ ಜೀನ್‌ಗಳ ಗುಂಪುಗಳನ್ನು) ಏಕೆ ಇಟ್ಟುಕೊಂಡಿದೆ?

ಪ್ರೋಟೀನಿನ ಜೀನ್ ಒಂದೇ ಇದ್ದರೂ ಸಾಕಾಗುತ್ತದೆ. ಅದರಿಂದ ಬರುವ ಒಂದು ಸಂದೇಶವಾಹಕ ಆರ್‌ಎನ್‌ಎಯನ್ನು ರೈಬೋಸೋಮ್‌ಗಳು ಮತ್ತೆ ಮತ್ತೆ ಓದಿ ಹಲವು ಪ್ರೋಟೀನುಗಳನ್ನು ಕಟ್ಟುತ್ತವೆ. ರೈಬೋಸೋಮಲ್ ಆರ್‌ಎನ್‌ಎಗೆ ಆ ಅನುಕೂಲವಿಲ್ಲ. ಅದೇ ಅಂತಿಮ ವಸ್ತುವಾದುದರಿಂದ, ಪ್ರತಿಯೊಂದು ರೈಬೋಸೋಮಿಗೂ ಜೀನನ್ನು ಹೊಸದಾಗಿ ಒಮ್ಮೆ ನಕಲು ಮಾಡಲೇಬೇಕು. ಒಳ್ಳೆಯ ಆಹಾರ ಸಿಕ್ಕಾಗ ಇ. ಕೋಲಿ ಸುಮಾರು 20 ನಿಮಿಷಗಳಲ್ಲಿ ಇಬ್ಭಾಗವಾಗುತ್ತದೆ. ಅಷ್ಟರೊಳಗೆ ಹತ್ತಾರು ಸಾವಿರ ರೈಬೋಸೋಮ್‌ಗಳು ಸಿದ್ಧವಾಗಬೇಕು. ಒಂದು ಓಪೆರಾನಿನಲ್ಲಿ ಸೆಕೆಂಡಿಗೆ ಸುಮಾರು ಒಂದು ಬಾರಿ ನಕಲು ಆರಂಭವಾಗುತ್ತದೆ ಎಂದು ಲೆಕ್ಕ ಹಾಕಿದರೆ, ಏಳು ಓಪೆರಾನ್‌ಗಳಿಂದ ಸಿಗುವುದು 8,400 ಮಾತ್ರ. ಆದರೆ ಈ ಓಪೆರಾನ್‌ಗಳಲ್ಲಿ ಹೆಚ್ಚಿನವು ಡಿಎನ್‌ಎ ಇಮ್ಮಡಿಸಲು ಆರಂಭವಾಗುವ ಸ್ಥಾನದ ಸಮೀಪದಲ್ಲಿವೆ. ವೇಗವಾಗಿ ಬೆಳೆಯುವ ಕೋಶವು ಒಂದು ಸುತ್ತು ಮುಗಿಯುವ ಮೊದಲೇ ಇಮ್ಮಡಿಕೆಯ ಇನ್ನೊಂದು ಸುತ್ತನ್ನು ಆರಂಭಿಸುವುದರಿಂದ ಅವುಗಳ ಸಂಖ್ಯೆ ಕೋಶವೊಂದರಲ್ಲಿ 30ನ್ನೂ ಮೀರುತ್ತದೆ. ಜೀನ್ ಎಲ್ಲಿದೆ ಎಂಬುದೂ ಅದರ ಅಭಿವ್ಯಕ್ತಿಯ ಭಾಗವೇ ಎಂಬುದಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆ ನನಗೆ ಗೊತ್ತಿಲ್ಲ.

ಓಪೆರಾನಿನೊಳಗೆ ರೈಬೋಸೋಮಲ್ ಆರ್‌ಎನ್‌ಎಯ ಮೂರು ಬಗೆಗಳಾದ 16ಎಸ್, 23ಎಸ್, 5ಎಸ್‌ಗಳ ಜೀನ್‌ಗಳು ಈ ಕ್ರಮದಲ್ಲೇ ಇದ್ದು, ನಡುವೆ ಅಮೈನೋ ಆಮ್ಲಗಳನ್ನು ರೈಬೋಸೋಮಿಗೆ ಹೊತ್ತು ತರುವ ವರ್ಗಾವಣೆ ಆರ್‌ಎನ್‌ಎಯ ಜೀನ್ ಕೂಡ ಸೇರಿಕೊಂಡಿರುತ್ತದೆ. ಎಲ್ಲವೂ ಒಂದೇ ಉದ್ದನೆಯ ಆರ್‌ಎನ್‌ಎಯಾಗಿ ಹೊರಟು, ನಕಲು ಮುಗಿಯುವ ಮುನ್ನವೇ ಕಿಣ್ವಗಳಿಂದ ತುಂಡಾಗಲು ತೊಡಗುತ್ತವೆ. ಹೀಗಾಗಿ ಮೂರೂ ಸಮ ಪ್ರಮಾಣದಲ್ಲಿ ದೊರೆಯುತ್ತವೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಸೆಳೆಯುವುದು ಅದರ ನಿಯಂತ್ರಣ. ಅಮೈನೋ ಆಮ್ಲಗಳು ಕಡಿಮೆಯಾದಾಗ, ಬರಿದಾದ ವರ್ಗಾವಣೆ ಆರ್‌ಎನ್‌ಎ ರೈಬೋಸೋಮಿಗೆ ಬಂದು ಕೂರುತ್ತದೆ. ಅಲ್ಲಿರುವ ರೆಲ್‌ಎ ಎಂಬ ಪ್ರೋಟೀನು ಅದನ್ನು ಗುರುತಿಸಿ ಪಿಪಿಜಿಪಿಪಿ ಎಂಬ ಸಣ್ಣ ಅಣುವನ್ನು ತಯಾರಿಸುತ್ತದೆ. ಈ ಅಣುವು ಡಿಕೆಎಸ್‌ಎ ಎಂಬ ಪ್ರೋಟೀನಿನ ಜೊತೆಗೂಡಿ, ನಕಲು ಮಾಡುವ ಕಿಣ್ವವಾದ ಆರ್‌ಎನ್‌ಎ ಪಾಲಿಮರೇಸಿನ ಮೇಲೆ ವರ್ತಿಸಿ, ರೈಬೋಸೋಮಲ್ ಆರ್‌ಎನ್‌ಎಯ ಪ್ರೊಮೋಟರ್‌ಗಳಲ್ಲಿ ನಕಲು ಆರಂಭವಾಗುವುದನ್ನು ತಗ್ಗಿಸುತ್ತದೆ. ಅಂದರೆ ಹೊಸ ರೈಬೋಸೋಮ್ ಬೇಡವೆಂಬ ಸೂಚನೆ ಹೊರಡುವುದು ಕೆಲಸ ನಿಂತ ರೈಬೋಸೋಮಿನಿಂದಲೇ.

ಕ್ಷಯವನ್ನು ಉಂಟುಮಾಡುವ ಮೈಕೋಬ್ಯಾಕ್ಟೀರಿಯಮ್ ಟ್ಯೂಬರ್‌ಕ್ಯುಲೋಸಿಸ್‌ನಲ್ಲಿ ಓಪೆರಾನ್ ಒಂದೇ. ಇಮ್ಮಡಿಸಲು ಅದಕ್ಕೆ ಹೆಚ್ಚುಕಡಿಮೆ ಒಂದು ದಿನ ಬೇಕು. ಆ ನಿಧಾನಕ್ಕೆ ಒಂದು ಸಾಕು. ಆದರೆ ಚಿಕಿತ್ಸೆಯ ದೃಷ್ಟಿಯಿಂದ ಇದು ಗಂಭೀರ ವಿಷಯ. ಇ. ಕೋಲಿಯಲ್ಲಿ ಒಂದು ಪ್ರತಿ ಮಾರ್ಪಟ್ಟರೂ ಉಳಿದ ಆರು ಔಷಧಕ್ಕೆ ಮಣಿಯುವ ರೈಬೋಸೋಮ್‌ಗಳನ್ನೇ ಕಟ್ಟುತ್ತಿರುತ್ತವೆ. ಕ್ಷಯದ ಬ್ಯಾಕ್ಟೀರಿಯದ 16ಎಸ್ ಜೀನಿನಲ್ಲಿ 1401ನೆಯ ಅಕ್ಷರವೊಂದು ಬದಲಾದರೆ ಎಲ್ಲ ರೈಬೋಸೋಮ್‌ಗಳೂ ಬದಲಾಗಿ, ಅಮಿಕಾಸಿನ್ ಮತ್ತು ಕನಮೈಸಿನ್ ಎಂಬ ಔಷಧಗಳು ನಾಟದೆ ಹೋಗುತ್ತವೆ.

ಅಡಿಕೆ ತೋಟದ ಮಣ್ಣಿನ ಬ್ಯಾಕ್ಟೀರಿಯಗಳನ್ನು 16ಎಸ್ ಜೀನಿನ ಮೂಲಕ ಎಣಿಸಬಯಸುವ ನಮ್ಮ ವಿದ್ಯಾರ್ಥಿಗಳು ಈ ಸಂಖ್ಯೆಗಳನ್ನು ಮರೆಯಬಾರದು. ಬ್ಯಾಸಿಲಸ್ ಸಬ್ಟಿಲಿಸ್‌ನ ಸಾಮಾನ್ಯ ಪ್ರಯೋಗಾಲಯ ತಳಿಯಲ್ಲಿ 10 ಓಪೆರಾನ್‌ಗಳಿವೆ. ಅಂತಹ ಒಂದು ಕೋಶವು, ಒಂದೇ ಓಪೆರಾನ್ ಇರುವ ಹತ್ತು ಕೋಶಗಳಷ್ಟು ಎಣಿಕೆಯನ್ನು ಕೊಡಬಲ್ಲದು; ಪ್ರತಿಗಳ ಸಂಖ್ಯೆಯಿಂದ ಭಾಗಿಸದೆ ಬರೆದ ಪಟ್ಟಿಯಲ್ಲಿ ನಿಧಾನವಾಗಿ ಬೆಳೆಯುವವು ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತವೆ.