ಪಾಪರ್ ಚೀಟಿ ಕೇಳಿಕೊಂಡು ಬಂದವರು

"ಮೇಡಂ, ಒಂದು ಪಾಪರ್ ಚೀಟಿ ಕೊಡಿಸಿಬಿಡಿ. ಫೀಸು ಎಷ್ಟಾಗುತ್ತೆ?"

ಸಾಲ ತೀರಿಸಲು ಆಗದೆ ದಿವಾಳಿ ಆದೆ ಅಂತ ಬರೆಸಿಕೊಳ್ಳುವುದಕ್ಕೆ ಜನ ಪಾಪರ್ ಚೀಟಿ ಅನ್ನುತ್ತಾರೆ. ಅವರು ಕೇಳಿದ್ದು ರೇಷನ್ ಕಾರ್ಡ್ ಮಾಡಿಸಿಕೊಡಿ ಅಂತ ಕೇಳಿದ ಹಾಗಿತ್ತು. ಶನಿವಾರ ಸಂಜೆ, ದಾವಣಗೆರೆಯ ನನ್ನ ಪುಟ್ಟ ವಕೀಲಿ ಆಫೀಸು. ಬಂದವರು ಮೂವರು. ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯವರು, ಅವರ ಹೆಂಡತಿ, ಹೆಂಡತಿಯ ತಮ್ಮ. ತಮ್ಮ ಸರ್ಕಾರಿ ಬಸ್ ಡ್ರೈವರ್, ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದಿದ್ದ. "ನಾನು ಸುಮ್ನೆ ಬಿಡೋಕೆ ಬಂದೆ ಮೇಡಂ" ಅಂತ ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕೂತು ಮೊಬೈಲ್ ನೋಡತೊಡಗಿದ.

ಸೀರೆ ಅಂಗಡಿಯ ಕವರಿನಿಂದ ಕಾಗದಗಳೆಲ್ಲ ಟೇಬಲ್ ಮೇಲೆ ಬಿದ್ದವು. ಅರ್ಧ ಲಕೋಟೆಗಳನ್ನು ಒಡೆದೇ ಇರಲಿಲ್ಲ. ಸಾಲದಲ್ಲಿ ಮುಳುಗಿದವರ ಹತ್ತಿರ ನಾನು ಯಾವಾಗಲೂ ನೋಡುವುದು ಇದನ್ನೇ. ಒಡೆಯದಿದ್ದರೆ ನೋಟಿಸು ಬಂದಿಲ್ಲ ಅನ್ನೋ ಲೆಕ್ಕ. ಸ್ಕೇಲು ತಗೊಂಡು ನಾನೇ ಒಂದೊಂದಾಗಿ ಒಡೆದೆ. ಮಷಿನ್ ಲೋನು 9 ಲಕ್ಷ. ಸಾಮಾನು ಕೊಟ್ಟ ವ್ಯಾಪಾರಿಗೆ ಬರೆದುಕೊಟ್ಟು ಬೌನ್ಸ್ ಆದ ಎರಡು ಚೆಕ್ಕು, 3 ಲಕ್ಷ. ಕೈಸಾಲ ನಾಲ್ಕು ಲಕ್ಷ ಚಿಲ್ಲರೆ.

"ಮಗ ಮೊಬೈಲಲ್ಲಿ ತೋರಿಸಿದ. ಹೊಸ ಕಾನೂನು ಬಂದಿದೆಯಂತೆ, ಆರು ತಿಂಗಳಲ್ಲಿ ಎಲ್ಲ ಕ್ಲಿಯರ್ ಅಂತೆ" ಅಂದರು.

ಮಗ ನೋಡಿದ್ದು 2016ರ ದಿವಾಳಿ ಸಂಹಿತೆ. ಅದರಲ್ಲಿ ವ್ಯಕ್ತಿಗಳ ಭಾಗ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದಿರುವುದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಅಂಗಡಿ ಇಟ್ಟುಕೊಂಡವರಿಗೆ, ಸಂಬಳದವರಿಗೆ ನಮ್ಮ ಕಡೆ ಈಗಲೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಎಷ್ಟು ಹಳೆಯದು ಅಂದರೆ, 500 ರೂಪಾಯಿ ಸಾಲ ತೀರಿಸಲು ಆಗದಿದ್ದರೂ ಅರ್ಜಿ ಹಾಕಬಹುದು. ರೂಪಾಯಿಗೆ ಎಂಟಾಣೆ ಲೆಕ್ಕದಲ್ಲಾದರೂ ಸಾಲ ತೀರಿಸುವಷ್ಟು ಆಸ್ತಿ ಇಲ್ಲದಿದ್ದರೆ, ಅದು ತನ್ನ ತಪ್ಪಿನಿಂದಲ್ಲ ಅಂತ ತೋರಿಸಬೇಕು. ಇಲ್ಲದಿದ್ದರೆ ಸಾಲದಿಂದ ಬಿಡುಗಡೆ ಸಿಗುವುದಕ್ಕೇ ತೊಡಕು. ಆಣೆ ಹೋಗಿ ಎಷ್ಟು ಕಾಲವಾಯಿತು, ಕಾಯ್ದೆಯಲ್ಲಿ ಮಾತ್ರ ಇನ್ನೂ ಇದೆ.

"ಚೀಟಿ ಅಂತ ಏನೂ ಇಲ್ಲ ಅಣ್ಣಾ. ಕೋರ್ಟು ನಿಮ್ಮನ್ನ ದಿವಾಳಿ ಅಂತ ಘೋಷಿಸಿದರೆ ನಿಮ್ಮ ಆಸ್ತಿ ಕೋರ್ಟಿಗೋ ಅದು ನೇಮಿಸಿದ ರಿಸೀವರಿಗೋ ಸೇರುತ್ತೆ. ಅದನ್ನ ಮಾರಿ ಸಾಲ ಕೊಟ್ಟವರಿಗೆ ಹಂಚ್ತಾರೆ. ಬಿಡುಗಡೆ ಆದೇಶ ಸಿಗೋವರೆಗೆ ನಿಮಗೆ ಹೊಸದಾಗಿ ಬರೋ ಆಸ್ತಿಯೂ ಅಲ್ಲಿಗೇ."

ಹೆಂಡತಿ ಮೊದಲ ಸಲ ಬಾಯಿ ಬಿಟ್ಟರು. "ಪಾತ್ರೆ ಪಗಡೇನೂ ತಗೊಂಡು ಹೋಗ್ತಾರಾ?"

ಇಲ್ಲ. ಅಡಿಗೆ ಪಾತ್ರೆ, ಉಡುವ ಬಟ್ಟೆ, ಹಾಸಿಗೆ, ಇವನ್ನೆಲ್ಲ ಮುಟ್ಟುವ ಹಾಗಿಲ್ಲ. ಧರ್ಮದ ಪದ್ಧತಿಯಂತೆ ಹೆಂಗಸು ತೆಗೆಯಬಾರದ ಒಡವೆಯನ್ನೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಬಿಟ್ಟಿದೆ. ಅದನ್ನು ಹೇಳಿದಾಗ ಆಯಮ್ಮ ಸೆರಗು ಸರಿಮಾಡಿಕೊಂಡರು. ತಾಳಿಯ ದಾರದಲ್ಲಿ ಬರೀ ಅರಿಶಿನ ಕೊಂಬು ಇತ್ತು. ಚಿನ್ನದ್ದು ಆಗಲೇ ಅಡ ಇಟ್ಟಾಗಿತ್ತು.

ಅಡ ಇಟ್ಟ ಚಿನ್ನವಾಗಲಿ, ಲೋನಿನ ಮಷಿನ್ ಆಗಲಿ, ದಿವಾಳಿ ಆದರೂ ಉಳಿಯುವುದಿಲ್ಲ. ಒತ್ತೆ ಇಟ್ಟುಕೊಂಡವರ ಹಕ್ಕು ಹಾಗೇ ಇರುತ್ತದೆ. ಚೆಕ್ ಬೌನ್ಸ್ ಕ್ರಿಮಿನಲ್ ಕೇಸು, ಅದೂ ನಿಲ್ಲಲ್ಲ. ಇಷ್ಟು ಹೇಳುವಷ್ಟರಲ್ಲಿ ಅಂಗಡಿಯವರ ಮುಖ ಬಾಡಿತ್ತು. ಆದರೂ ಜೇಬಿನಿಂದ ಇನ್ನೊಂದು ಕಾಗದ ತೆಗೆದರು. ಅದು ಅವರ ಬ್ರಹ್ಮಾಸ್ತ್ರ.

"ಮನೆ ಸೇಫ್ ಇದೆ ಮೇಡಂ. ಹೋದ ವರ್ಷಾನೇ ಇವಳ ಹೆಸರಿಗೆ ದಾನಪತ್ರ ಮಾಡಿಸಿಬಿಟ್ಟೆ."

ತಾರೀಖು ನೋಡಿದೆ. ಹದಿನಾಲ್ಕು ತಿಂಗಳಾಗಿತ್ತು. ಎರಡು ವರ್ಷದೊಳಗೆ ದಿವಾಳಿ ಅರ್ಜಿ ಹಾಕಿದರೆ ಆ ದಾನವನ್ನು ಕೋರ್ಟು ರದ್ದು ಮಾಡಬಹುದು. ಈ ಬುದ್ಧಿ ಯಾರು ಹೇಳಿಕೊಟ್ಟರು ಅಂತ ಕೇಳಿದೆ. "ಗೊತ್ತಿರೋರು" ಅಂದರು. ಈ 'ಗೊತ್ತಿರೋರು' ನನಗಿಂತ ಜಾಸ್ತಿ ಜನಕ್ಕೆ ಸಲಹೆ ಕೊಡುತ್ತಾರೆ, ಅದೂ ಬಿಟ್ಟಿ.

ಬಿಡುಗಡೆ ಆಗುವವರೆಗೆ ದಿವಾಳಿ ಅನ್ನುವುದನ್ನು ಹೇಳದೆ 50 ರೂಪಾಯಿ ಸಾಲ ತಗೊಂಡರೂ ಅಪರಾಧ, ಆರು ತಿಂಗಳವರೆಗೆ ಜೈಲು ಆಗಬಹುದು ಅಂತ ಹೇಳಿದೆ. "ಅಂದ್ರೆ ಹೋಟೆಲಲ್ಲಿ ಒಂದು ಬೆಣ್ಣೆ ದೋಸೆ ಉದ್ರಿ ಬರೆಸೋ ಹಾಗೂ ಇಲ್ಲ!" ಅಂದರು. ಎಂಎಲ್‌ಎ ಎಲೆಕ್ಷನ್‌ಗೂ ನಿಲ್ಲೋಕಾಗಲ್ಲ ಅಂದೆ. ಅವರು ನಕ್ಕರು. "ಅದೊಂದು ಲಾಭ ಬಿಡಿ. ನಿಂತವರ ಫ್ಲೆಕ್ಸ್ ಹಾಕೇ ಈ ಗತಿ. ಗೆದ್ದವರೂ ದುಡ್ಡು ಕೊಟ್ಟಿಲ್ಲ, ಸೋತವರೂ ಕೊಟ್ಟಿಲ್ಲ."

ಆಮೇಲೆ ನಾನು ಕೇಳಲೇಬೇಕಾದ್ದನ್ನು ಕೇಳಿದೆ. "ಮಷಿನ್ ಲೋನಿಗೆ ಜಾಮೀನು ಯಾರು?"

ಯಾರೂ ಮಾತಾಡಲಿಲ್ಲ. ಬಾಗಿಲ ಹತ್ತಿರ ಮೊಬೈಲಿನ ಸದ್ದು ನಿಂತಿತು.

ವಕೀಲಿಕೆ ಶುರು ಮಾಡಿದ ಹೊಸದರಲ್ಲಿ ಈ ಪ್ರಶ್ನೆ ನಾನು ಕೇಳುತ್ತಿರಲಿಲ್ಲ. ಒಬ್ಬರಿಗೆ ಅರ್ಜಿ ಹಾಕಿ ಕೆಲಸ ಮುಗಿಸಿದ್ದೆ. ಕೆಲವು ತಿಂಗಳಿಗೆ ವಯಸ್ಸಾದ ಒಬ್ಬ ಮೇಷ್ಟ್ರು ಆಫೀಸಿಗೆ ಬಂದರು. ಆ ಸಾಲಕ್ಕೆ ಸೈನ್ ಹಾಕಿದ್ದವರು ಅವರು. ಜಗಳ ಆಡಲಿಲ್ಲ. "ನನಗೊಂದು ಮಾತು ಹೇಳಬಹುದಿತ್ತಲ್ವಾ ತಾಯಿ?" ಅಂದರು, ಅಷ್ಟೇ. ಸಾಲಗಾರನಿಗೆ ಬಿಡುಗಡೆ ಸಿಕ್ಕರೂ ಜಾಮೀನುದಾರನಿಗೆ ಸಿಗುವುದಿಲ್ಲ ಅಂತ ಕಾಯ್ದೆಯಲ್ಲೇ ಬರೆದಿದೆ. ನಾನು ಅದನ್ನು ಓದಿದ್ದೆ. ಓದಿ ಪಾಸೂ ಆಗಿದ್ದೆ.

ತಮ್ಮನನ್ನು ಒಳಗೆ ಕರೆದು ಕುರ್ಚಿ ಕೊಟ್ಟೆ.

"ಭಾವ ದಿವಾಳಿ ಆದ್ರೆ ನನ್ನ ಜಾಮೀನೂ ಹೋಗುತ್ತೆ ತಾನೇ ಮೇಡಂ?"

"ಇಲ್ಲಪ್ಪಾ. ಬ್ಯಾಂಕಿನವರು ನಿಮ್ಮ ಹತ್ತಿರ ಬರ್ತಾರೆ. ಕೇಸು ಹಾಕಿ ಡಿಕ್ರಿ, ಅಂದ್ರೆ ಕೋರ್ಟಿನ ತೀರ್ಪು, ಆದ್ರೆ ನಿಮ್ಮ ಸಂಬಳದಲ್ಲಿ ಮೊದಲ 1000 ಬಿಟ್ಟು, ಉಳಿದಿದ್ರಲ್ಲಿ ಮೂರನೇ ಒಂದು ಭಾಗ ಹಿಡಿಯಬಹುದು. ಒಂದು ಡಿಕ್ರಿಗೆ ಒಟ್ಟು 24 ತಿಂಗಳವರೆಗೆ."

ಅವನು ಜಾಮೀನು ಪತ್ರದ ಜೆರಾಕ್ಸ್ ಕೇಳಿ ತಗೊಂಡ. ಟ್ಯೂಬ್‌ಲೈಟ್ ಕೆಳಗೆ ಹಿಡಿದ. ಸೈನ್ ಹಾಕಬೇಕಾದ ಕಡೆಯೆಲ್ಲ ಪೆನ್ಸಿಲಿನಲ್ಲಿ ಹಾಕಿದ್ದ ಟಿಕ್ ಗುರುತು ಜೆರಾಕ್ಸಿನಲ್ಲೂ ಮೂಡಿತ್ತು. "ಅವತ್ತು ಈ ಟಿಕ್ ಮಾತ್ರ ನೋಡಿದ್ದೆ" ಅಂದ. ಅಕ್ಕ ಅಳತೊಡಗಿದರು. ಭಾವ ಖಾಲಿ ಕವರನ್ನು ಮಡಚಿ ಮಡಚಿ ಬೆಂಕಿಪೊಟ್ಟಣದಷ್ಟು ಮಾಡಿದ್ದರು.

ಅವತ್ತು ಅರ್ಜಿ ಬರೆಯಲಿಲ್ಲ. ಬ್ಯಾಂಕಿಗೆ ಹೇಳಿ, ಅವರ ಒಪ್ಪಿಗೆ ತಗೊಂಡೇ ಮಷಿನ್ ಮಾರುವುದು. ಉಳಿದದ್ದಕ್ಕೆ ಲೋಕ ಅದಾಲತ್‌ನಲ್ಲಿ ಒಂದೇ ಸಲದ ತೀರುವಳಿ ಕೇಳುವುದು. ಚೆಕ್ಕಿನ ಕೇಸು ರಾಜಿ ಆಗಬಹುದಾದದ್ದು, ಆ ವ್ಯಾಪಾರಿಯ ಹತ್ತಿರ ಮಾತಾಡುವುದು. ಇದ್ಯಾವುದೂ ಆಗದಿದ್ದರೆ ದಿವಾಳಿ ಇದ್ದೇ ಇದೆ, ಆಗ ನಾನೇ ಹಾಕಿಕೊಡುತ್ತೇನೆ ಅಂದೆ. ಆ ಅರ್ಜಿ ಕೆಟ್ಟದ್ದು ಅಂತ ನಾನು ಯಾರಿಗೂ ಹೇಳಲ್ಲ. ಕೆಲವರಿಗೆ ಅದೊಂದೇ ದಾರಿ ಇರುತ್ತದೆ.

"ಮಂಗಳವಾರ ನನಗೆ ವೀಕ್ಲಿ ಆಫ್. ಬ್ಯಾಂಕಿಗೆ ನಾನೂ ಬರ್ತೀನಿ" ಅಂದ ತಮ್ಮ, ಯಾರ ಮುಖವನ್ನೂ ನೋಡದೆ.

ಬರುವಾಗ ಮೂವರೂ ಒಂದೇ ಬೈಕಿನಲ್ಲಿ ಬಂದಿದ್ದರಂತೆ. ತಮ್ಮ ಬೈಕ್ ಸ್ಟಾರ್ಟ್ ಮಾಡಿದ, ಅಕ್ಕ ಹಿಂದೆ ಕೂತರು. ಅಂಗಡಿಯವರು ಫುಟ್‌ಪಾತ್ ಮೇಲೇ ನಿಂತರು. "ನೀವು ಹೋಗ್ತಿರಿ. ನಾನು ನಡ್ಕೊಂಡು ಬರ್ತೀನಿ" ಅಂದರು.