ನಿಮ್ಮವರೇ ಅಲ್ವಾ, ಮತ್ಯಾಕೆ ಬೇಜಾರು?

ನಾನು ಆಫ್ರಿಕಾದ ಜಾಂಬಿಯಾದಲ್ಲಿ ಹನ್ನೆರಡು ವರ್ಷ ಮೇಷ್ಟರಾಗಿದ್ದೆ. ಅಲ್ಲಿನ ಮಾತು ಬಂದಾಗಲೆಲ್ಲ ಊರಿನವರು ಇದನ್ನೇ ಕೇಳುತ್ತಾರೆ. "ಅಲ್ಲಿ ಅಧ್ಯಕ್ಷರಾಗಿದ್ದವರು ನಿಮ್ಮ ಕ್ರೈಸ್ತ ಧರ್ಮದವರೇ ಅಲ್ವಾ? ದೇಶವನ್ನೇ ಯೇಸುವಿಗೆ ಒಪ್ಪಿಸಿದರಂತೆ. ಅವರ ಮೇಲೆ ನಿಮಗೇ ಯಾಕೆ ಇಷ್ಟು ಬೇಜಾರು?"

ಅವರು ಫ್ರೆಡರಿಕ್ ಚಿಲುಬಾ, ಕಾರ್ಮಿಕ ಸಂಘದಿಂದ ಬೆಳೆದವರು. 27 ವರ್ಷ ಆಳಿದ್ದ ಕೆನೆತ್ ಕೌಂಡಾ ಅವರನ್ನು 1991ರ ಅಕ್ಟೋಬರ್‌ನಲ್ಲಿ ಸೋಲಿಸಿದರು. (ಕೌಂಡಾ ಕೂಡ ಪಾದ್ರಿಯ ಮಗ. ಅದನ್ನು ಯಾರೂ ನೆನೆಸಿಕೊಳ್ಳುವುದಿಲ್ಲ.) ಆ ಡಿಸೆಂಬರ್ 29ರಂದು ಚಿಲುಬಾ ಜಾಂಬಿಯಾವನ್ನು ಕ್ರೈಸ್ತ ದೇಶ ಎಂದು ಸಾರಿದರು. ನಾವು ತಾಮ್ರದ ಗಣಿಗಳ ಊರಾದ ಕಿಟ್ವೆಯಲ್ಲಿದ್ದೆವು. ಪಕ್ಕದ ಮನೆಯ ಅಕ್ಕ ಟಿವಿ ಮುಂದೆ ಮೊಣಕಾಲೂರಿ ಅತ್ತರು. ನನ್ನ ಕಣ್ಣೂ ಒದ್ದೆಯಾಯಿತು.

ಅವತ್ತು ಚಿಲುಬಾ ಹೇಳಿದ ವಚನ ಬೈಬಲಿನ ಪೂರ್ವಕಾಲವೃತ್ತಾಂತದ ಎರಡನೆಯ ಪುಸ್ತಕದ್ದು. ನನ್ನ ಜನ ತಮ್ಮನ್ನು ತಗ್ಗಿಸಿಕೊಂಡು, ಕೆಟ್ಟ ದಾರಿ ಬಿಟ್ಟು ನನ್ನ ಕಡೆ ತಿರುಗಿದರೆ ಅವರ ನಾಡನ್ನು ವಾಸಿಮಾಡುತ್ತೇನೆ ಅನ್ನುವ ಮಾತು. ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ. ನಮ್ಮ ಮನೆಯ ಮಾತನ್ನು ದೊರೆಯ ಬಾಯಲ್ಲಿ ಕೇಳಿದ ಹಾಗಾಯಿತು.

ಆಮೇಲೆ ಗಣಿಗಳು ಮಾರಾಟವಾದವು. ಅಕ್ಕನ ಗಂಡನಿಗೆ ಕೆಲಸ ಹೋಯಿತು. ಸರ್ಕಾರಿ ಆಸ್ಪತ್ರೆಗೂ ದುಡ್ಡು ಕಟ್ಟಬೇಕಾದ ಕಾಲ. ದೊಡ್ಡ ಮಗನಿಗೆ ಜ್ವರ ಏರಿದ ಸಂಜೆ ಅಕ್ಕ ನಮ್ಮ ಬಾಗಿಲಿಗೆ ಬಂದರು. ಸೊಂಟಕ್ಕೆ ಸುತ್ತಿಕೊಳ್ಳುವ ಚಿಟೆಂಗೆ ಬಟ್ಟೆಯ ತುದಿಯಲ್ಲಿ ಒಂದು ಹಿಡಿ ಒಣಮೀನು ಕಟ್ಟಿಕೊಂಡಿದ್ದರು. ಬರಿಗೈಯಲ್ಲಿ ಸಾಲ ಕೇಳಲು ಅವರಿಗೆ ಮನಸ್ಸು ಬಂದಿರಲಿಲ್ಲ. ದೇಶದ ತಲೆ ಮೇಲೆ ಹಳೆಯ ಸಾಲವಿತ್ತು. ಬಡತನಕ್ಕೆಲ್ಲ ಚಿಲುಬಾ ಒಬ್ಬರನ್ನೇ ದೂರಿದರೆ ತಪ್ಪಾಗುತ್ತದೆ.

ಆದರೆ 1996ರಲ್ಲಿ ಸಂವಿಧಾನದ ಪೀಠಿಕೆಗೆ 'ಕ್ರೈಸ್ತ ದೇಶ' ಸೇರಿಸಿದರು. ಅದೇ ತಿದ್ದುಪಡಿಯಲ್ಲಿ, ತಂದೆತಾಯಿ ಜಾಂಬಿಯಾದವರಲ್ಲದವರು ಅಧ್ಯಕ್ಷರಾಗುವಂತಿಲ್ಲ ಎಂದೂ ಬರೆದರು. ಕೌಂಡಾ ಅವರ ತಂದೆತಾಯಿ ಮಲಾವಿಯಿಂದ ಬಂದವರು. ಯಾರನ್ನು ತಡೆಯಲು ಆ ಸಾಲು ಅಂತ ಮಕ್ಕಳಿಗೂ ಗೊತ್ತಿತ್ತು.

2007ರಲ್ಲಿ, ನಾನು ಊರಿಗೆ ಮರಳಿದ ಮೇಲೆ, ಲಂಡನ್ನಿನ ಹೈಕೋರ್ಟ್ ತೀರ್ಪು ಬಂತು. ಚಿಲುಬಾ ಮತ್ತು ಜೊತೆಗಾರರು ದೇಶದ ಸುಮಾರು 4.6 ಕೋಟಿ ಡಾಲರ್ ಲಪಟಾಯಿಸಿದ್ದಾರೆ ಅಂತ. ಸ್ವಿಟ್ಜರ್ಲೆಂಡಿನ ಒಂದೇ ಅಂಗಡಿಯಲ್ಲಿ ಅವರ ಬಟ್ಟೆಬರೆಗೆ ಸುರಿದದ್ದು 5 ಲಕ್ಷ ಡಾಲರ್. ಅವರು ಆರೋಪ ಒಪ್ಪಲಿಲ್ಲ. 2009ರಲ್ಲಿ ಲುಸಾಕಾದ ಕೋರ್ಟು ಕ್ರಿಮಿನಲ್ ಕೇಸಿನಲ್ಲಿ ಅವರನ್ನು ಬಿಡುಗಡೆಯೂ ಮಾಡಿತು. ಆದರೂ ಆ ಅಂಗಡಿಯ ಲೆಕ್ಕ ಓದಿದಾಗ ನನಗೆ ಕಂಡದ್ದು ಒಣಮೀನು ಕಟ್ಟಿದ್ದ ಆ ಗಂಟು.

ಬೇರೆ ರಾಜಕಾರಣಿಯಾಗಿದ್ದರೆ ನಾನು ಇಷ್ಟು ನೊಂದುಕೊಳ್ಳುತ್ತಿರಲಿಲ್ಲ. ಇವರು ನಾನು ದಿನಾ ರಾತ್ರಿ ಪ್ರಾರ್ಥಿಸುವ ಹೆಸರನ್ನು ಹಿಡಿದು ಬಂದವರು. ನಮ್ಮವರು ಅಂತಲೇ ಬೇಜಾರು ಜಾಸ್ತಿ.

ನನಗೆ ಸಮಾಧಾನ ಕೊಟ್ಟವರೂ ನಮ್ಮವರೇ. 2001ರಲ್ಲಿ ಚಿಲುಬಾ ಎರಡೇ ಅವಧಿಯ ಮಿತಿ ಮೀರಿ ಮೂರನೇ ಬಾರಿ ಚುನಾವಣೆಗೆ ನಿಲ್ಲುವ ಸುದ್ದಿ ಎದ್ದಾಗ ಕ್ಯಾಥೊಲಿಕ್, ಪ್ರಾಟೆಸ್ಟಂಟ್, ಇವ್ಯಾಂಜೆಲಿಕಲ್ ಸಭೆಗಳು ವಕೀಲರ ಜೊತೆ, ಮಹಿಳಾ ಸಂಘಟನೆಗಳ ಜೊತೆ ಸೇರಿ ಬೇಡವೇ ಬೇಡ ಅಂದವು. ಕೊನೆಗೆ ಅವರು ನಿಲ್ಲಲಿಲ್ಲ. ವಿರೋಧದ ಗುರುತು ಹಸಿರು ರಿಬ್ಬನ್. ಟಿವಿ ಮುಂದೆ ಮೊಣಕಾಲೂರಿ ಅತ್ತಿದ್ದ ಅದೇ ಅಕ್ಕ ಒಂದು ಭಾನುವಾರ ಚರ್ಚಿನ ಬಟ್ಟೆಗೆ ಅದನ್ನು ಪಿನ್ನು ಹಾಕಿಕೊಂಡು ಹೊರಟರು. ನನ್ನ ಹೆಂಡತಿಗೂ ಒಂದು ತುಂಡು ಕತ್ತರಿಸಿ ಕೊಟ್ಟರು.