ಗೋಡೆಯ ಮೇಲಿನ ಪ್ರಮಾಣಪತ್ರ, ಕೌಂಟರ್‌ನಲ್ಲಿರುವ ಹುಡುಗ

ನಮ್ಮ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರಿಗಿರುವ ಮೆಡಿಕಲ್ ಶಾಪ್ ಒಂದಕ್ಕೆ ಕಳೆದ ವರ್ಷ ಚಿಕ್ಕಮ್ಮನ ಜೊತೆ ಹೋಗಿದ್ದೆ. ಸಂಜೆಯ ಹೊತ್ತಾದ್ದರಿಂದ ಏಳೆಂಟು ಜನ ಕೌಂಟರಿಗೆ ಒರಗಿಕೊಂಡು ನಿಂತಿದ್ದರು. ಚಿಕ್ಕಮ್ಮ ನಾಲ್ಕು ಮಡಿಕೆ ಮಾಡಿದ್ದ ಚೀಟಿಯನ್ನು ಪರ್ಸಿನಿಂದ ತೆಗೆದು, ಅಕ್ಷರ ಕೆಳಮುಖವಾಗುವಂತೆ ಗಾಜಿನ ಮೇಲಿಟ್ಟರು. ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಅದನ್ನು ಬೆಳಕಿಗೆ ಹಿಡಿದು ಓದಿ, ಹಿಂದಿನ ಕಪಾಟಿನ ಬಳಿಯಿದ್ದ ಗೆಳೆಯನಿಗೂ ಕೇಳುವಂತೆ ಹೇಳಿದ: "ಇದು ತಲೆ ಸರಿ ಇಲ್ದಿರೋರಿಗೆ ಕೊಡೋ ಮಾತ್ರೆ ಅಲ್ವಾ? ಯಾರಿಗೆ, ನಿಮ್ಗಾ?" ಚಿಕ್ಕಮ್ಮ ಉತ್ತರಿಸದೆ ಸೆರಗನ್ನು ಭುಜದ ಮೇಲೆ ಎಳೆದುಕೊಂಡರು. ಪಕ್ಕದಲ್ಲಿ ನಿಂತಿದ್ದವರಲ್ಲಿ ಇಬ್ಬರು ನಮ್ಮ ಬೀದಿಯವರೇ ಆಗಿದ್ದರು.

ವೈದ್ಯರು ಬರೆದಿದ್ದದ್ದು ಖಿನ್ನತೆಗೆ ಕೊಡುವ ಎಸಿಟಲೋಪ್ರಾಮ್ 5 ಮಿಲಿಗ್ರಾಂ, ದಿನಕ್ಕೊಂದರಂತೆ ಹದಿನೈದು ದಿನಕ್ಕೆ. ಹುಡುಗ ಬೇರೊಂದು ಕಂಪನಿಯ ಮಾತ್ರೆಯ ಎರಡು ಪೂರ್ತಿ ಪಟ್ಟಿಗಳನ್ನು (ಸ್ಟ್ರಿಪ್) ಕೊಟ್ಟ. ಹದಿನೈದೇ ಸಾಕು ಎಂದರೆ ಕತ್ತರಿಸಿ ಕೊಡುವುದಿಲ್ಲ ಎಂದ, ಬಿಲ್ ಕೇಳಿದರೆ ಮಿಷನ್ ಕೆಟ್ಟಿದೆ ಎಂದ. ಫೋನಿನಲ್ಲಿ ಹಣ ಕಳಿಸಿ ಹೊರಟೆವು. ಮನೆಗೆ ಬಂದು ಪಟ್ಟಿಯ ಹಿಂಬದಿ ಓದಿದಾಗ ಅದು 10 ಮಿಲಿಗ್ರಾಂ ಎಂಬುದು ಗೊತ್ತಾಯಿತು. ಅರ್ಧ ಮಾಡಿ ತೆಗೆದುಕೊಳ್ಳಬೇಕೆಂದು ಅಲ್ಲಿ ಯಾರೂ ಹೇಳಿರಲಿಲ್ಲ. ಮರುದಿನ ಬದಲಾಯಿಸಿಕೊಳ್ಳಲು ಹೋದ ನನಗೆ "ಏನೂ ಆಗಲ್ಲ ಸಾರ್, ಮುರಿದು ನುಂಗೋಕೆ ಹೇಳಿ" ಎಂಬ ಉತ್ತರ ಸಿಕ್ಕಿತು. ಇಲ್ಲಿ ಫಾರ್ಮಸಿಸ್ಟ್ ಯಾರು ಎಂದು ಕೇಳಿದೆ. ಹುಡುಗ ಒಂದು ಗಳಿಗೆ ನನ್ನನ್ನೇ ನೋಡಿ, ಓನರ್ ಸಂಜೆ ಬರುತ್ತಾರೆ ಎಂದ. ನಾನು ಕೇಳಿದ್ದು ಓನರ್ ಬಗ್ಗೆ ಆಗಿರಲಿಲ್ಲ. ಅವನ ತಲೆಯ ಮೇಲೆ, ಗಣಪತಿಯ ಪಟದ ಪಕ್ಕದಲ್ಲಿ, ಕಟ್ಟು ಹಾಕಿಸಿದ ನೋಂದಣಿ ಪ್ರಮಾಣಪತ್ರವಿತ್ತು. ಅದರಲ್ಲಿದ್ದದ್ದು ಒಬ್ಬ ಮಹಿಳೆಯ ಭಾವಚಿತ್ರ. ಆ ಅಂಗಡಿಗೆ ಆರು ವರ್ಷಗಳಿಂದ ಹೋಗುತ್ತಿರುವ ನಾನು ಆಕೆಯನ್ನು ಒಂದು ದಿನವೂ ಅಲ್ಲಿ ಕಂಡಿಲ್ಲ.

ಔಷಧ ಅಂಗಡಿಯಲ್ಲಿ ರೋಗಿಗೆ ಆಗುವ ಅನ್ಯಾಯಕ್ಕೆ ಯಾರನ್ನು ಹೊಣೆ ಮಾಡಬೇಕು ಎಂಬ ಪ್ರಶ್ನೆ ಹಿಡಿದು ಓದಲು ಕುಳಿತಾಗ ನಾನು ಮತ್ತೆ ಮತ್ತೆ ಬಂದು ನಿಂತದ್ದು ಈ ಚಿತ್ರಪಟದ ಎದುರಿಗೇ. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ಪ್ರಕಾರ ವೈದ್ಯರ ಚೀಟಿಯ ಮೇಲೆ ಔಷಧ ವಿತರಿಸುವ ಅಧಿಕಾರವಿರುವುದು ನೋಂದಾಯಿತ ಫಾರ್ಮಸಿಸ್ಟ್‌ಗೆ. 1945ರ ಔಷಧ ನಿಯಮಗಳ 65ನೇ ನಿಯಮವೂ ಚೀಟಿಯ ಔಷಧ ಆತನ ಖುದ್ದು ಮೇಲ್ವಿಚಾರಣೆಯಲ್ಲೇ ಗ್ರಾಹಕರ ಕೈ ಸೇರಬೇಕು ಎನ್ನುತ್ತದೆ. ಆದರೆ ಫಾರ್ಮಸಿ ಡಿಪ್ಲೊಮಾ (ಡಿ.ಫಾರ್ಮ) ಮುಗಿಸಿದವರ ಪ್ರಮಾಣಪತ್ರವನ್ನು ತಿಂಗಳಿಗಿಷ್ಟು ಎಂದು ಬಾಡಿಗೆಗೆ ಪಡೆದು, ಪರವಾನಗಿಯನ್ನು ಅದರ ಬಲದ ಮೇಲೆ ತೆಗೆದು, ವ್ಯಾಪಾರವನ್ನು ಹುಡುಗರಿಂದ ನಡೆಸುವ ಪದ್ಧತಿ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯೇನಲ್ಲ. ಬಿಹಾರದಲ್ಲಿ ನಕಲಿ ಫಾರ್ಮಸಿಸ್ಟ್‌ಗಳ ಬಗ್ಗೆ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರಲ್ಲಿ 2022ರ ನವೆಂಬರ್‌ನಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಆಸ್ಪತ್ರೆಗಳೂ ಮೆಡಿಕಲ್ ಅಂಗಡಿಗಳೂ ಅಂಥವರಿಂದ ನಡೆಯದಂತೆ ನೋಡಿಕೊಳ್ಳುವುದು ರಾಜ್ಯ ಸರ್ಕಾರ ಮತ್ತು ಫಾರ್ಮಸಿಸ್ಟ್‌ಗಳನ್ನು ನೋಂದಾಯಿಸುವ ಫಾರ್ಮಸಿ ಪರಿಷತ್ತಿನ ಕರ್ತವ್ಯವೆಂದು ಹೇಳಿ, ಪ್ರಕರಣವನ್ನು ಹೊಸದಾಗಿ ವಿಚಾರಿಸುವಂತೆ ಪಟ್ನಾ ಹೈಕೋರ್ಟಿಗೆ ಹಿಂದಿರುಗಿಸಿತು.

ಇಲ್ಲೊಂದು ತೊಡಕಿದೆ. ಚಿಕ್ಕಮ್ಮನನ್ನು ನಾಲ್ಕು ಜನರ ಮುಂದೆ ಅವಮಾನಿಸಿದ ಹುಡುಗನ ಹೆಸರು ಯಾವ ನೋಂದಣಿ ಪುಸ್ತಕದಲ್ಲೂ ಇಲ್ಲದಿರುವುದರಿಂದ ಅದನ್ನು ಯಾವ ಪುಸ್ತಕದಿಂದಲೂ ತೆಗೆದುಹಾಕುವಂತಿಲ್ಲ. ಹೆಸರು ಇರುವಾಕೆಯೋ ಅಲ್ಲಿಲ್ಲ. ಫಾರ್ಮಸಿ ಕಾಯ್ದೆ ಬರೆದವರಿಗೆ ಇದರ ಅಂದಾಜು ಇದ್ದಿರಬೇಕು. ವೃತ್ತಿಗೆ ಕಳಂಕ ತರುವ ನಡತೆಗಾಗಿ ಫಾರ್ಮಸಿಸ್ಟ್‌ನ ಹೆಸರನ್ನು ರಿಜಿಸ್ಟರಿನಿಂದ ತೆಗೆಯುವ ಅಧಿಕಾರವನ್ನು ರಾಜ್ಯ ಪರಿಷತ್ತಿನ ಕಾರ್ಯಕಾರಿ ಸಮಿತಿಗೆ ಕೊಡುವ 36ನೇ ಕಲಂ, ಆತನ ಕೈಕೆಳಗಿನ ಕೆಲಸಗಾರನ ತಪ್ಪಿಗೂ ಆತನನ್ನೇ ಹೊಣೆ ಮಾಡಲು ದಾರಿ ಬಿಟ್ಟಿದೆ. ಆದರೆ ಆ ತಪ್ಪಿಗೆ ಕುಮ್ಮಕ್ಕು ಕೊಟ್ಟಿದ್ದನೆಂದೋ ಅಥವಾ ಹಿಂದೆಯೂ ಅಂಥದ್ದು ನಡೆದಿತ್ತೆಂದೋ ಇಂಥ ಒಂದು ಅಂಶವನ್ನಾದರೂ ತೋರಿಸಬೇಕು. ಆರೋಪಿತನ ಮಾತನ್ನು ಕೇಳಿಯೇ ಆದೇಶ ಮಾಡಬೇಕು, ಪರಿಷತ್ತು ಅದನ್ನು ದೃಢೀಕರಿಸಬೇಕು, ದೃಢೀಕರಿಸಿ ಮೂರು ತಿಂಗಳು ಕಳೆಯುವವರೆಗೆ ಅದು ಜಾರಿಗೆ ಬರುವುದಿಲ್ಲ, ಅದರ ಮೇಲೆ ಸರ್ಕಾರಕ್ಕೆ ಮೇಲ್ಮನವಿಯೂ ಉಂಟು. ಒಬ್ಬರ ಅನ್ನದ ಪ್ರಶ್ನೆಯಾದ್ದರಿಂದ ಇಷ್ಟು ಎಚ್ಚರಿಕೆ ಇರಬೇಕಾದದ್ದೇ, ನನಗೆ ತಕರಾರಿಲ್ಲ.

ಹುಡುಗನ ಮಾತು ಬರೀ ಒರಟುತನವೆಂದು ಬಿಟ್ಟುಬಿಡುವಂಥದ್ದೂ ಆಗಿರಲಿಲ್ಲ. ಭಾರತೀಯ ಫಾರ್ಮಸಿ ಪರಿಷತ್ತು 2015ರ ಜನವರಿಯಲ್ಲಿ ಹೊರಡಿಸಿದ ಫಾರ್ಮಸಿ ವೃತ್ತಿ ನಿಯಮಾವಳಿಯಲ್ಲಿ ರೋಗಿಯ ಗೋಪ್ಯತೆ ಕಾಯುವುದೂ, ಔಷಧದ ಹೆಸರು, ಪ್ರಮಾಣ, ತೆಗೆದುಕೊಳ್ಳುವ ಬಗೆ, ಅಡ್ಡಪರಿಣಾಮಗಳನ್ನು ವಿವರಿಸಿ ಹೇಳುವುದೂ ಫಾರ್ಮಸಿಸ್ಟ್‌ನ ಕರ್ತವ್ಯಗಳಾಗಿಯೇ ಬಂದಿವೆ. ಮಾನಸಿಕ ಕಾಯಿಲೆಯುಳ್ಳವರ ಮಾಹಿತಿಯನ್ನು ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ, ಎಚ್‌ಐವಿ ಸೋಂಕಿತರ ವಿಷಯದಲ್ಲಿ ಅದೇ ವರ್ಷದ ಇನ್ನೊಂದು ಕಾಯ್ದೆಯೂ ಹೇಳುತ್ತವೆ. ಸ್ಯಾನಿಟರಿ ಪ್ಯಾಡನ್ನು ಯಾರೂ ಕೇಳದಿದ್ದರೂ ಹಳೆ ಪೇಪರಿನಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕುವ ನಮ್ಮ ಅಂಗಡಿಯವರು, ಖಿನ್ನತೆಯ ಮಾತ್ರೆಯ ಹೆಸರನ್ನು ಹರಾಜು ಕೂಗಿದಂತೆ ಕೂಗುವುದು ನನಗೆ ಇಂದಿಗೂ ಅರ್ಥವಾಗದ ಸಂಗತಿ.

ಉಳಿದ ತಪ್ಪುಗಳನ್ನು ಕಾನೂನು ಇನ್ನಷ್ಟು ಸಲೀಸಾಗಿ ಗುರುತಿಸುತ್ತದೆ. ಎಸಿಟಲೋಪ್ರಾಮ್ ಶೆಡ್ಯೂಲ್ ಎಚ್ ಗುಂಪಿನ ಔಷಧ, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರಬಾರದಂಥದ್ದು. ಈ ಗುಂಪಿನ ಔಷಧವನ್ನು ವೈದ್ಯರು ಬರೆದಿರುವಾಗ ಅಂಗಡಿಯವರು ತಾವಾಗಿಯೇ ಬೇರೊಂದನ್ನು ಕೊಡುವಂತಿಲ್ಲ, ಒಳಗಿನ ರಾಸಾಯನಿಕ ಒಂದೇ ಆಗಿದ್ದರೂ ಕೂಡ. ಕಂಪನಿ ಬದಲಾದದ್ದರಿಂದ ಚಿಕ್ಕಮ್ಮನಿಗೆ ಏನೂ ಆಗುತ್ತಿರಲಿಲ್ಲವೇನೋ, ಪ್ರಮಾಣ ಇಮ್ಮಡಿಯಾದದ್ದು ಬೇರೆ ಮಾತು. ಪಟ್ಟಿ ಕತ್ತರಿಸುವ ವಿಚಾರದಲ್ಲಿ ಅಂಗಡಿಯವರ ಕಷ್ಟವೂ ನಿಜ. ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಒಂದು ತುಂಡಿನಲ್ಲಿ ಉಳಿದು ಇನ್ನೊಂದು ತುಂಡು ಅನಾಥವಾಗುತ್ತದೆ, ಅದನ್ನು ಕಂಪನಿ ವಾಪಸು ಪಡೆಯುವುದೂ ಕಷ್ಟ. ಹಾಗಿದ್ದೂ 2013ರ ಔಷಧ ಬೆಲೆ ನಿಯಂತ್ರಣ ಆದೇಶವು ಬಿಡಿಯಾಗಿ ಮಾರಿದ ಮಾತ್ರೆಗೆ ಪಟ್ಟಿಯ ಬೆಲೆಯ ಲೆಕ್ಕಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಎನ್ನುವುದರ ಜೊತೆಗೆ, ಅಂಗಡಿಯಲ್ಲಿರುವ ಔಷಧವನ್ನು ಕೊಳ್ಳಬಂದವರಿಗೆ ಮಾರದೆ ಹಿಡಿದಿಟ್ಟುಕೊಳ್ಳಬಾರದು ಎಂದೂ ಹೇಳುತ್ತದೆ.

ಬಿಲ್ಲಿನ ವಿಷಯಕ್ಕೆ ನಾನು ಮೊದಲು ಅಷ್ಟು ಬೆಲೆ ಕೊಟ್ಟಿರಲಿಲ್ಲ. ಈಗ ಅನ್ನಿಸುವುದೇನೆಂದರೆ, ಅಂಗಡಿಯವರು ಬಿಲ್ ಕೊಡದಿರುವುದರ ಹಿಂದೆ ತೆರಿಗೆಯ ಲೆಕ್ಕ ಮಾತ್ರವಲ್ಲದೆ ತಾವು ಏನು ಕೊಟ್ಟೆವೆಂಬುದಕ್ಕೆ ಗುರುತು ಉಳಿಸದಿರುವ ಅನುಕೂಲವೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಿಲ್ ಕೊಡದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆದಿದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ನಮ್ಮ ಬಳಿ ಉಳಿದಿದ್ದದ್ದು ಫೋನಿನ ಹಣ ಪಾವತಿಯ ಚಿತ್ರ, 10 ಮಿಲಿಗ್ರಾಂ ಎಂದು ಮುದ್ರಿಸಿದ ಎರಡು ಪಟ್ಟಿ, 5 ಎಂದು ಬರೆದಿದ್ದ ಚೀಟಿ. ಅಂಗಡಿಯ ಪರವಾನಗಿ ಕೊಡುವುದೂ ಅಮಾನತು ಮಾಡುವುದೂ ಔಷಧ ನಿಯಂತ್ರಣದ ಅಧಿಕಾರಿಗಳ ಕೈಯಲ್ಲಿರುವುದರಿಂದ, ಮೊದಲ ಅರ್ಜಿ ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರಿಗೆ, ಎರಡನೆಯದು ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿಗೆ ಎಂದು ತೀರ್ಮಾನಿಸಿದೆ.

ಹೀಗೆಲ್ಲ ಬರೆಯುವಾಗ ನಮ್ಮೂರಿನ ಇನ್ನೊಬ್ಬ ಫಾರ್ಮಸಿಸ್ಟ್‌ರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಅಪ್ಪನಿಗೆ ಇಬ್ಬರು ವೈದ್ಯರು ಬೇರೆ ಬೇರೆ ಹೆಸರಿನಲ್ಲಿ ಒಂದೇ ಬಿಪಿ ಮಾತ್ರೆಯನ್ನು ಬರೆದಿದ್ದಾಗ ಅದನ್ನು ಹಿಡಿದು, ವೈದ್ಯರಿಗೆ ಫೋನ್ ಮಾಡಿ, ಒಂದನ್ನು ತೆಗೆಸಿದವರು ಅವರು. ಪ್ರತಿ ಪಟ್ಟಿಯ ಮೇಲೂ ಮಾರ್ಕರ್ ಪೆನ್ನಿನಿಂದ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದುಕೊಡುತ್ತಿದ್ದರು. ಓದು ಬಾರದ ಅಜ್ಜಿಯರು ತಮ್ಮ ಸರದಿ ಬರುವವರೆಗೆ ಕಾಯುತ್ತಿದ್ದರೇ ವಿನಾ ಪಕ್ಕದ ಅಂಗಡಿಗೆ ಹೋಗುತ್ತಿರಲಿಲ್ಲ.

ಚಿಕ್ಕಮ್ಮ ಆ ಮಾತ್ರೆಗಳು ಮುಗಿದ ಮೇಲೆ ಮತ್ತೆ ಯಾವ ಅಂಗಡಿಗೂ ಹೋಗದೆ, ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟಿದ್ದರು. ಇಂಥ ಔಷಧವನ್ನು ಹಠಾತ್ತನೆ ಬಿಟ್ಟರೆ ತಲೆಸುತ್ತು, ಸಿಡುಕು, ನಿದ್ದೆಗೇಡು ಬರಬಹುದು. ನಮಗೆ ಗೊತ್ತಾದದ್ದು ಒಂದು ಬೆಳಿಗ್ಗೆ ಅವರು ಒಲೆಯ ಮುಂದೆ ಗೋಡೆ ಹಿಡಿದು ಕುಸಿದು ಕುಳಿತಾಗ. ವೈದ್ಯರು ಮತ್ತೆ 5ರಿಂದ ಶುರು ಮಾಡಿಸಿದರು. ಈಗ ಅವರು ಮಾತ್ರೆಗಾಗಿ ಬಸ್ಸಿನಲ್ಲಿ ನಲವತ್ತು ನಿಮಿಷದ ದೂರದ ಊರಿಗೆ ಹೋಗಿ ಬರುತ್ತಾರೆ.

ನಾನು ದೂರನ್ನು ಮೂರು ಪುಟ ಬರೆದು, ಹುಡುಗನ ಮಾತನ್ನು ಅವನ ಬಾಯಿಂದ ಬಂದ ಹಾಗೆಯೇ ಮೊದಲ ಪುಟದಲ್ಲಿ ಹಾಕಿ, ಅವರ ಸಹಿಗೆ ತೆಗೆದುಕೊಂಡು ಹೋದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. "ಅಲ್ಲಿ ಅವ್ನು ಒಂದ್ಸಲ ಕೂಗಿದ್ದು ಸಾಲ್ದೇನೋ? ಈಗ ನೀನು ನನ್ನ ಹೆಸ್ರು, ವಿಳಾಸ, ಕಾಯಿಲೆ ಎಲ್ಲಾ ಬರ್ದು ಆಫೀಸಿಂದ ಆಫೀಸಿಗೆ ಕಳಿಸ್ಬೇಕಾ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಹೆಸರಿಲ್ಲದ ದೂರಿನ ಮೇಲೆ ಸಾಮಾನ್ಯವಾಗಿ ವಿಚಾರಣೆ ನಡೆಯುವುದಿಲ್ಲ, ಹೆಸರಿರುವ ದೂರು ಎದುರುಪಕ್ಷದ ಕೈಗೂ ಹೋಗುತ್ತದೆ. ಎರಡು ದಿನ ಬಿಟ್ಟು ಅವರೇ ಕರೆದು, ಹಣ ಕೊಟ್ಟವನು ನೀನಲ್ಲವೇ, ನಿನ್ನ ಹೆಸರಿನಲ್ಲೇ ಬರೆ ಎಂದರು. ಫಾರ್ಮಸಿಸ್ಟ್ ಇಲ್ಲದಿರುವುದು, ಬಿಲ್ ಕೊಡದಿರುವುದು, ಔಷಧದ ಪ್ರಮಾಣ ಬದಲಾದದ್ದು, ಪಟ್ಟಿ ಕತ್ತರಿಸದಿರುವುದು, ಇವಿಷ್ಟನ್ನೂ ಒಂದೂವರೆ ಪುಟದಲ್ಲಿ ಬರೆದು, ಚೀಟಿಯ ನಕಲಿನಲ್ಲಿ ಅವರ ಹೆಸರಿರುವ ಜಾಗಕ್ಕೆ ಬಿಳಿ ಕಾಗದ ಅಂಟಿಸಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಮೊದಲ ಪುಟದಲ್ಲಿದ್ದ ಹುಡುಗನ ಮಾತು ಅದರಲ್ಲಿಲ್ಲ.